ಬಿಳಿಗಿರಿಯ ಸೋಲಿಗರು: ಪೋಡಿನಿಂದ ಶಾಲೆಗೆ

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿರುವ ಬುಡಕಟ್ಟಿನವರು ಸೋಲಿಗರು. ಅವರ ಮಕ್ಕಳು ಅರ್ಧಕ್ಕೇ ಶಾಲೆ ಬಿಡೋದು ಯಾಕೆ? ಚಾಮರಾಜನಗರದ ಕಡೆ ಈ ಪ್ರಶ್ನೆ ಕೇಳಿದರೆ ಒಬ್ಬರು ಬಡತನ ಅಂತಾರೆ, ಇನ್ನೊಬ್ಬರು ಅರಣ್ಯದ ನಿಯಮ ಅಂತಾರೆ, ಮತ್ತೊಬ್ಬರು ಹಾಸ್ಟೆಲ್ ಅಂತಾರೆ. ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ.

ಸೋಲಿಗರ ಕಥೆಗಳ ಪ್ರಕಾರ ಅವರ ಮೂಲಪುರುಷ ಕಾರಯ್ಯ. ಬೆಟ್ಟದ ದೇವರು ಬಿಳಿಗಿರಿ ರಂಗನಾಥ ಇವರಿಗೆ ಸಂಬಂಧದಲ್ಲಿ ಭಾವ ಆಗಬೇಕು, ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು. ತಲೆಮಾರುಗಳ ಕಾಲ ಇವರು ಕಾಡಿನ ಒಂದು ತುಂಡು ಸವರಿ, ಸುಟ್ಟು, ರಾಗಿ ಬೆಳೆದು, ಮುಂದಕ್ಕೆ ಸಾಗುತ್ತಿದ್ದರು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಆ ಬೇಸಾಯ ನಿಂತಿತು. ಎಷ್ಟೋ ಪೋಡುಗಳು, ಅಂದರೆ ಸೋಲಿಗರ ಹಾಡಿಗಳು, ಹಳೆಯ ಜಾಗ ಬಿಟ್ಟು ಕಾಲೋನಿಗಳಾದವು.

ಶಾಲೆ ಬಂದದ್ದು ಈ ಹೊತ್ತಿನಲ್ಲಿ. ಕಾಡಿನಲ್ಲಿ ಚಿಕಿತ್ಸೆ ಕೊಡಲು ಬಂದ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಮೊದಲು ಔಷಧಿ, ಆಮೇಲೆ ಪಾಠ. ಡಾಕ್ಟರ ಮೇಲೆ ಹುಟ್ಟಿದ ನಂಬಿಕೆಯೇ ಮಕ್ಕಳನ್ನು ತರಗತಿಗೆ ಕರೆತಂದಿತು. ಪುರಾಣಿಯಂಥ ಒಳಗಿನ ಪೋಡುಗಳಿಂದ ಆನೆ ಓಡಾಡುವ ದಾರಿಯಲ್ಲಿ ಚಿಕ್ಕ ಮಕ್ಕಳು ದಿನಾ ನಡೆದು ಬರೋಕಾಗುತ್ತಾ? ಹಾಗಾಗಿ ಉಳಿದುಕೊಂಡು ಓದುವ ವ್ಯವಸ್ಥೆ ಬೇಕೇ ಬೇಕಾಯಿತು. ಸರ್ಕಾರದ ಆಶ್ರಮ ಶಾಲೆಗಳದ್ದೂ ಇದೇ ದಾರಿ. ಅಕ್ಷರ ಸಿಕ್ಕಿತು, ಊಟ ಸಿಕ್ಕಿತು, ಕಾಯಿಲೆಗೆ ಮದ್ದು ಸಿಕ್ಕಿತು. ಇದನ್ನು ಕಡಿಮೆ ಅಂತ ಯಾರೂ ಹೇಳಬಾರದು. ಆದರೆ ಅಪ್ಪನ ಹಿಂದೆ ಜೇನಿಗೆ ಹೋಗಿ, ಅಜ್ಜಿಯ ಜೊತೆ ಗೆಣಸು ಅಗೆದು ಕಲಿಯಬೇಕಾದ ವಯಸ್ಸೂ ಅದೇ. ಆ ಪಾಠ ತಪ್ಪಿತು. ಸೋಲಿಗರ ಮಾತಿನಲ್ಲೇ ಬೆಳೆದ ಮಗುವಿಗೆ ಪುಸ್ತಕದ ಕನ್ನಡ ಕೂಡ ಹೊಸದು. ಆ ಮಾತು ಬಲ್ಲ ಮೇಷ್ಟ್ರು ಇದ್ದರೆ ಮೊದಲ ಎರಡು ವರ್ಷ ಎಷ್ಟು ಹಗುರವಾಗುತ್ತದೆ, ಅಲ್ವಾ?

2000ರ ದಶಕದ ಮಧ್ಯದಲ್ಲಿ ಇನ್ನೊಂದು ಪೆಟ್ಟು ಬಿತ್ತು. ಕಾಡಿನಿಂದ ಜೇನು, ನೆಲ್ಲಿಕಾಯಿ, ಮರದ ಪಾಚಿ (ಕಲ್ಲುಹೂವು) ತಂದು ಮಾರುವುದಕ್ಕೆ ತಡೆ ಬಂತು. ಮನೆಗೆ ಬರುತ್ತಿದ್ದ ಕಾಸು ನಿಂತಿತು. ಜನ ಕಾಫಿ ತೋಟಗಳಿಗೆ ಕೂಲಿಗೆ ಹೊರಟರು. ದೊಡ್ಡವರು ಹೊರಟರೆ ಮಕ್ಕಳೂ ಹೊರಟ ಹಾಗೆಯೇ. ಹಾಜರಿ ಪುಸ್ತಕದಲ್ಲಿ ಬರೀ ಗೈರುಹಾಜರಿ ಕಾಣುತ್ತದೆ, ಕಾರಣ ಕಾಣುವುದಿಲ್ಲ.

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪೋಡುಗಳ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು, ಅಂದರೆ ಊರಿನವರೆಲ್ಲ ಸೇರಿ ಕಾಡನ್ನು ಬಳಸುವ ಹಕ್ಕು, ಸಿಕ್ಕಿತು. ಆ ಹೋರಾಟದಲ್ಲಿ ಓದಿದ ಸೋಲಿಗರದ್ದು ದೊಡ್ಡ ಪಾಲು. ಹಿರಿಯರು ದೇವರ ಜಾಗಗಳನ್ನು ಹಳ್ಳ, ಬಂಡೆ, ಮರದ ಗುರುತು ಹಿಡಿದು ತೋರಿಸಿದರು. ಸಂಶೋಧಕರ ಜೊತೆ ಸೇರಿ ಅವನ್ನು ನಕ್ಷೆಗೆ ಇಳಿಸಿದ್ದೂ ಸೋಲಿಗರೇ. ಕಾಡಿನ ಕಲಿಕೆ, ಶಾಲೆಯ ಕಲಿಕೆ ಎರಡೂ ಅಲ್ಲಿ ಒಟ್ಟಿಗೆ ಕೆಲಸಕ್ಕೆ ಬಂತು. ಶಾಲೆಯ ಪಠ್ಯಪುಸ್ತಕ ಮಾತ್ರ ಬೆಟ್ಟಕ್ಕೂ ಬೆಂಗಳೂರಿಗೂ ಒಂದೇ.