ಕೆಜಿಎಫ್ ಗಣಿಗೆ ಅಣು ತ್ಯಾಜ್ಯ: ಆ ಮಾತು ಹುಟ್ಟಿದ್ದು ಎಲ್ಲಿ?

ಕೋಲಾರದ ಚಿನ್ನದ ಗಣಿಯಲ್ಲಿ ಅಣು ತ್ಯಾಜ್ಯ ಹೂಳುತ್ತಾರಂತೆ ಎಂಬ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅದು ಎಲ್ಲಿಂದ ಶುರುವಾಯಿತು ಅಂತ ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1964ರಲ್ಲಿ ಮುಂಬೈಯ ಟ್ರಾಂಬೆಯಲ್ಲಿ ಉರಿದ ಅಣು ಇಂಧನದ ಮರುಸಂಸ್ಕರಣೆ ಶುರುವಾಯಿತು, 1969ರಲ್ಲಿ ಮಹಾರಾಷ್ಟ್ರದ ತಾರಾಪುರದಲ್ಲಿ ಅಣು ವಿದ್ಯುತ್. ಅಲ್ಲಿಂದ ಇಲ್ಲಿಯವರೆಗೆ ಸರ್ಕಾರದ ನಿಲುವು ಒಂದೇ: ರಿಯಾಕ್ಟರಿನಲ್ಲಿ ಉರಿದ ಇಂಧನ ಕಸವಲ್ಲ, ಅದರಿಂದ ಪ್ಲುಟೋನಿಯಂ, ಯುರೇನಿಯಂ ಹೊರತೆಗೆಯಬಹುದು. ಕೊನೆಗೆ ಉಳಿಯುವ ತೀವ್ರ ವಿಕಿರಣದ ದ್ರವ ಕಡಿಮೆಯೇ. ಅದನ್ನು ಗಾಜಿನ ಜೊತೆ ಕರಗಿಸಿ ಸ್ಟೀಲ್ ಡಬ್ಬಿಗೆ ಸುರಿದು ಮುಚ್ಚುತ್ತಾರೆ. ಆ ಡಬ್ಬಿಗಳು ಮೂವತ್ತು-ನಲವತ್ತು ವರ್ಷ ಗಾಳಿಯಾಡುವ ಕಾಂಕ್ರೀಟ್ ಕೋಣೆಯಲ್ಲಿ ತಣ್ಣಗಾಗಬೇಕು. ಆಮೇಲೆ? ಆಮೇಲೆ ನೆಲದಾಳದಲ್ಲಿ ಹೂಳಬೇಕು, ಸಾವಿರಾರು ವರ್ಷಕ್ಕೆ. ಕಾಗದದ ಮೇಲೆ ಯೋಜನೆ ಇಷ್ಟೇ.

ಹೂಳಿದ ಡಬ್ಬಿ ಬಿಸಿ ಕಾರುತ್ತಲೇ ಇರುತ್ತದೆ. ಸುತ್ತಲಿನ ಕಲ್ಲು ಆ ಬಿಸಿ ತಡೆಯುತ್ತದಾ, ಬಿರುಕು ಬಿಡುತ್ತದಾ? ಇದನ್ನು ತಿಳಿಯಲು 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಕೆಜಿಎಫ್‌ಗೆ ಬಂದರು. ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ, ಕೆಲಸ ನಿಂತಿದ್ದ ಒಂದು ಕಡೆ, ಕಲ್ಲಿಗೆ ರಂಧ್ರ ಕೊರೆದು ವಿದ್ಯುತ್ ಹೀಟರ್ ಇಳಿಸಿದರು. ಸುತ್ತ ಉಪಕರಣ ಜೋಡಿಸಿ ಎಂಟು ವರ್ಷ ಅಳೆದರು. ಅಲ್ಲಿಗೆ ತ್ಯಾಜ್ಯ ತಂದಿರಲಿಲ್ಲ, ಬರೀ ಬಿಸಿ ಕೊಟ್ಟು ನೋಡಿದ್ದು. ಆದರೆ ದೇಶದ ಅಣು ತ್ಯಾಜ್ಯದ ಕಡತದಲ್ಲಿ ಕೆಜಿಎಫ್ ಹೆಸರು ಸೇರಿದ್ದು ಹೀಗೆ. ಮೇಲಿನ ಊರಿಗೆ ಇದನ್ನು ಕರೆದು ಹೇಳಿದ್ದರೆ ಮುಂದಿನ ಅರ್ಧ ಗಲಾಟೆ ತಪ್ಪುತ್ತಿತ್ತೋ ಏನೋ.

ಎರಡನೇ ಎಳೆ ತಮಿಳುನಾಡಿನದು. ಕೂಡಂಕುಳಂ ಸ್ಥಾವರಕ್ಕೆ 1988ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದವಾದಾಗ, ಉರಿದ ಇಂಧನವನ್ನು ಅವರೇ ವಾಪಸ್ ಒಯ್ಯುವ ಮಾತಿತ್ತು. ಮುಂದೆ ಆ ಷರತ್ತು ಬದಲಾಗಿ, ಅದು ಇಲ್ಲೇ ಉಳಿಯುವುದು ಅಂತಾಯಿತು. ಹಾಗಾದರೆ ಎಲ್ಲಿ ಇಡುತ್ತೀರಿ? 2012ರಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಯಲ್ಲಿ ಈ ಪ್ರಶ್ನೆ ಎದ್ದಾಗ, ನವೆಂಬರಿನಲ್ಲಿ ಕೇಂದ್ರದ ಪರವಾಗಿ ಕೋಲಾರದ ಪಾಳು ಗಣಿಗಳ ಹೆಸರು ಬಂತು.

ಊರು ಹೊತ್ತಿಕೊಂಡಿತು. ಬಂದ್, ಮೆರವಣಿಗೆ ನಡೆದವು. ಕೆಲವೇ ದಿನಗಳಲ್ಲಿ ಅಣುಶಕ್ತಿ ಇಲಾಖೆಯವರು ಅಂಥ ಯೋಜನೆ ಇಲ್ಲ, ಅಲ್ಲಿ ಹಿಂದೆ ನಡೆದದ್ದು ಬರೀ ಪ್ರಯೋಗ ಎಂದರು. ಅದು ಸರಿಯೇ. ಆದರೆ ಜನ ಯಾಕೆ ನಂಬಬೇಕು ಹೇಳಿ? 2001ರಲ್ಲಿ ಗಣಿ ಮುಚ್ಚಿದಾಗ ಅಲ್ಲಿ ಉಳಿದದ್ದು ಸೈನೈಡ್ ಗುಡ್ಡಗಳು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಮೂರು ಕೋಟಿ ಟನ್ನಿಗೂ ಜಾಸ್ತಿ ಕಲ್ಲಿನ ಪುಡಿ. ಗಾಳಿ ಕಾಲದಲ್ಲಿ ಬೂದು ಬಣ್ಣದ ಆ ಧೂಳು ಕಾಲೊನಿಗಳ ಮೇಲೆ ಹಾರುತ್ತದೆ, ಒಣಗಲು ಹಾಕಿದ ಬಟ್ಟೆಯ ಮೇಲೂ ಕೂರುತ್ತದೆ. ಕಣ್ಣೆದುರಿನ ಈ ರಾಶಿಗೇ ದಾರಿ ಕಾಣದ ಊರಿಗೆ ಇನ್ನೊಂದು ತ್ಯಾಜ್ಯದ ಬಗ್ಗೆ ಭರವಸೆ ಕೊಡುವುದು ಸುಲಭವಲ್ಲ. ಅಲ್ಲದೆ ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿದೆ. ಗಣಿ ನಡೆಯುತ್ತಿದ್ದಾಗಲೂ ಒತ್ತಡಕ್ಕೆ ಬಂಡೆ ಸಿಡಿಯುವುದು ಅಲ್ಲಿ ಮಾಮೂಲು. ತ್ಯಾಜ್ಯ ಹೂಳಲು ಬೇಕಿರುವುದು ನೀರಿಲ್ಲದ, ಅಲುಗಾಡದ, ಯಾರೂ ತೋಡದ ಕಲ್ಲು ಅಲ್ವಾ?

2013ರ ಮೇ 6ರಂದು ಕೋರ್ಟ್ ಕೂಡಂಕುಳಂಗೆ ಹಸಿರು ನಿಶಾನೆ ತೋರಿತು. ಜೊತೆಗೆ ಆಳದ ಶಾಶ್ವತ ಭಂಡಾರಕ್ಕೆ ಆದಷ್ಟು ಬೇಗ ಕ್ರಮ ಕೈಗೊಳ್ಳಿ ಎಂದೂ ಸೂಚಿಸಿತು. ಅಲ್ಲಿಯವರೆಗೆ ರಿಯಾಕ್ಟರಿನ ಹೊರಗೊಂದು ತಾತ್ಕಾಲಿಕ ಸಂಗ್ರಹಾಗಾರ ಬೇಕು, ಅದಕ್ಕೆ ಐದು ವರ್ಷ ಗಡುವು. ಗಡುವು ಮುಗಿದಾಗ ಕೆಲಸ ಆಗಿರಲಿಲ್ಲ. 2018ರಲ್ಲಿ ಅದನ್ನು 2022ರ ಏಪ್ರಿಲ್‌ಗೆ ಮುಂದಕ್ಕೆ ಹಾಕಿದರು. 2019ರ ಜುಲೈನಲ್ಲಿ ಇಟ್ಟಿದ್ದ ಸಾರ್ವಜನಿಕ ಅಹವಾಲು ಸಭೆಯನ್ನು ವಿರೋಧದ ನಡುವೆ ಮುಂದೂಡಿದರು. ಶಾಶ್ವತ ಭಂಡಾರದ ಬಗ್ಗೆ ಕೇಳಿದರೆ, ತ್ಯಾಜ್ಯದ ಪ್ರಮಾಣ ಕಡಿಮೆ, ಸದ್ಯಕ್ಕೆ ಅಗತ್ಯವಿಲ್ಲ ಎಂಬ ಉತ್ತರ ಸಂಸತ್ತಿನಲ್ಲೂ ಬಂದಿದೆ.

ಫಿನ್‌ಲೆಂಡ್ 1983ರಲ್ಲೇ ವೇಳಾಪಟ್ಟಿ ಹಾಕಿಕೊಂಡು ಇಂಥ ಭಂಡಾರಕ್ಕೆ ಜಾಗ ಹುಡುಕಲು ಹೊರಟಿತು. ಅಲ್ಲಿ ಊರಿನ ಕೌನ್ಸಿಲ್ ಬೇಡ ಅಂದರೆ ಯೋಜನೆ ಅಲ್ಲಿಗೇ ಮುಗಿಯುತ್ತಿತ್ತು. 2000ದಲ್ಲಿ ಯುರಾಯೋಕಿ ಕೌನ್ಸಿಲ್ ಮತ ಹಾಕಿ ಒಪ್ಪಿತು, 2004ರಲ್ಲಿ ಅಗೆತ ಶುರುವಾಯಿತು. ಆ ದೇಶ ಚಿಕ್ಕದು, ಸುಮ್ನೆ ಹೋಲಿಸಬಾರದು ಅನ್ನುವವರಿದ್ದಾರೆ. ಆದರೂ ಜಾಗ ಗೊತ್ತುಮಾಡುವ ಮೊದಲು ಊರಿನವರನ್ನು ಕೇಳಲು ದೇಶ ಚಿಕ್ಕದೇ ಆಗಿರಬೇಕಿಲ್ಲ.

2025ರ ಬಜೆಟ್‌ನಲ್ಲಿ 2047ರೊಳಗೆ 100 ಗಿಗಾವ್ಯಾಟ್ ಅಣು ವಿದ್ಯುತ್ ಗುರಿ ಘೋಷಿಸಿದರು. ಈಗ ಇರುವುದು 9 ಗಿಗಾವ್ಯಾಟ್ ಹತ್ತಿರ. ನಮ್ಮ ಕೈಗಾದಲ್ಲೂ ನಾಲ್ಕು ಘಟಕಗಳ ಜೊತೆಗೆ ತಲಾ 700 ಮೆಗಾವ್ಯಾಟ್‌ನ ಇನ್ನೆರಡು ಬರಲಿವೆ. ತಾರಾಪುರದಲ್ಲಿ ತ್ಯಾಜ್ಯವನ್ನು ಗಾಜಾಗಿಸುವ ಕೆಲಸ ಶುರುವಾದದ್ದು 1980ರ ದಶಕದಲ್ಲಿ. ಅಂದರೆ ಮೊದಲ ಡಬ್ಬಿಗಳು ತಣ್ಣಗಾಗುವ ಹೊತ್ತು ಬಂದೇಬಿಟ್ಟಿದೆ. ಅವು ಹೋಗಬೇಕಾದ ಜಾಗಕ್ಕೆ ಮಾತ್ರ ಇನ್ನೂ ಹೆಸರಿಲ್ಲ.