ಹಳೆಯ ಪೆಟ್ರೋಲ್ ಬಂಕನ್ನು ಯಾವ ವರ್ಷಕ್ಕೆ ಮರಳಿಸಬೇಕು? ರೂಟ್ 66ರ ಉದಾಹರಣೆಗಳೊಂದಿಗೆ ಒಂದು ಟಿಪ್ಪಣಿ

ಪಾರಂಪರಿಕ ಕಟ್ಟಡ ಎಂದರೆ ದೇವಾಲಯ, ಕೋಟೆ, ಅರಮನೆ ಎಂದು ಒಗ್ಗಿಹೋದವರಿಗೆ ಅಮೆರಿಕದ ರಸ್ತೆಬದಿಯ ಪೆಟ್ರೋಲ್ ಬಂಕ್ ಒಂದು ಪಾಠವಾಗಬಲ್ಲದು ಎಂದರೆ ಮೊದಲಿಗೆ ನಗು ಬರಬಹುದು. ಎರಡು ಪಂಪು, ಒಂದು ಪುಟ್ಟ ಕೋಣೆ, ಮುಂದೆ ಒಂದು ಚಾವಣಿ. ಇದರಲ್ಲಿ ಉಳಿಸುವುದೇನಿದೆ? ಆದರೆ ಸಂರಕ್ಷಣೆಯ ಕಷ್ಟದ ಪ್ರಶ್ನೆಗಳೆಲ್ಲ ಒಟ್ಟಿಗೆ ಎದುರಾಗುವುದು ಇಲ್ಲಿಯೇ. ದೇವಾಲಯ ಕಟ್ಟಿಸಿದವರು ಅದು ಸೂರ್ಯಚಂದ್ರರಿರುವವರೆಗೆ ನಿಲ್ಲಲಿ ಎಂದು ಶಾಸನ ಬರೆಸಿದರು. ಬಂಕ್ ಕಟ್ಟಿದವರಿಗೆ ಅಂಥ ಆಸೆಯೇ ಇರಲಿಲ್ಲ. ಕಂಪನಿ ಬದಲಾದರೆ ಬಣ್ಣ ಬದಲಾಗುತ್ತಿತ್ತು, ಪಂಪು ಹಳತಾದರೆ ಗುಜರಿಗೆ ಹೋಗುತ್ತಿತ್ತು, ರಸ್ತೆ ಬೇರೆ ಕಡೆ ಹೊರಳಿದರೆ ಬಾಗಿಲು ಮುಚ್ಚುತ್ತಿತ್ತು. ಆದ್ದರಿಂದ ಓದುವಾಗ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದಿರಿ: ಉಳಿಸಲು ಹೊರಟಿರುವುದು ಯಾವ ವರ್ಷದ ಬಂಕನ್ನು?

ಹುಟ್ಟಿನ ಬಗ್ಗೆ, ಬೇಗನೆ

1888ರಲ್ಲಿ ಬರ್ತಾ ಬೆಂಜ್ ತಮ್ಮ ಗಂಡ ತಯಾರಿಸಿದ್ದ ಕಾರನ್ನು ದೂರಪ್ರಯಾಣಕ್ಕೆ ಒಯ್ದಾಗ ಇಂಧನ ಕೊಂಡದ್ದು ಜರ್ಮನಿಯ ವೀಸ್‌ಲೋಕ್ ಎಂಬ ಊರಿನ ಔಷಧದ ಅಂಗಡಿಯಲ್ಲಿ. ಅಮೆರಿಕದಲ್ಲೂ ಆರಂಭದ ದಿನಗಳಲ್ಲಿ ದಿನಸಿ ಅಂಗಡಿ, ಕಬ್ಬಿಣದ ಸಾಮಾನಿನ ಅಂಗಡಿಗಳಲ್ಲಿ ಡಬ್ಬಗಳಲ್ಲಿ ತುಂಬಿ ಮಾರುತ್ತಿದ್ದರು. ವಾಹನ ಒಳಕ್ಕೆ ಬಂದು, ತುಂಬಿಸಿಕೊಂಡು, ಹೊರಕ್ಕೆ ಹೋಗುವಂತೆ ಯೋಜಿಸಿ ಕಟ್ಟಿದ ಬಂಕ್ ಎಂದು ಹೆಸರಾದದ್ದು ಗಲ್ಫ್ ಕಂಪನಿ 1913ರ ಡಿಸೆಂಬರ್ 1ರಂದು ಪಿಟ್ಸ್‌ಬರ್ಗ್‌ನಲ್ಲಿ ತೆರೆದದ್ದು. ಮೊದಲ ದಿನದ ಮಾರಾಟ 30 ಗ್ಯಾಲನ್, ಅಂದರೆ ಸುಮಾರು 114 ಲೀಟರ್. ಗಾಳಿ, ನೀರು ಉಚಿತ.

ಈ ಕಾಲದ ಪಂಪುಗಳಲ್ಲಿ ಒಂದನ್ನು ನೆನಪಿಟ್ಟುಕೊಳ್ಳಿ, ಸಂಗ್ರಹಕಾರರು ಇದಕ್ಕಾಗಿ ಪ್ರಾಣ ಬಿಡುತ್ತಾರೆ. ಎತ್ತರದ ಕಂಬ, ತುದಿಯಲ್ಲಿ ದೊಡ್ಡ ಗಾಜಿನ ಕೊಳವೆ, ಅದರೊಳಗೆ ಗ್ಯಾಲನ್ ಗುರುತುಗಳು. ಕೆಲಸಗಾರ ಹಿಡಿಕೆಯನ್ನು ಹಿಂದೆ ಮುಂದೆ ಎಳೆದು ನೆಲದಡಿಯ ಟ್ಯಾಂಕಿನಿಂದ ಪೆಟ್ರೋಲನ್ನು ಗಾಜಿಗೆ ಏರಿಸುತ್ತಾನೆ. ಗಿರಾಕಿ ಅಳತೆಯನ್ನೂ ಬಣ್ಣವನ್ನೂ ಕಣ್ಣಾರೆ ನೋಡುತ್ತಾನೆ. ಆಮೇಲೆ ಅದು ತನ್ನ ಭಾರದಿಂದಲೇ ಕೊಳವೆಯ ಮೂಲಕ ಕಾರಿಗೆ ಇಳಿಯುತ್ತದೆ. ಇಷ್ಟೆಲ್ಲ ಏಕೆಂದರೆ ಅಳತೆಯಲ್ಲಿ ಮೋಸ, ಕಲಬೆರಕೆ ಎಂಬ ಅನುಮಾನ ಜನರಲ್ಲಿ ಬಲವಾಗಿತ್ತು. ಇವತ್ತು ಸೊಗಸಾಗಿ ಕಾಣುವ ಆ ಗಾಜಿನ ಹಿಂದೆ ಗಿರಾಕಿಯ ಅಪನಂಬಿಕೆ ಇದೆ. 1930ರ ದಶಕದಲ್ಲಿ ದರ, ಪ್ರಮಾಣ ಎರಡನ್ನೂ ತಾನೇ ಲೆಕ್ಕ ಹಾಕಿ ತೋರಿಸುವ ಪಂಪು ಬಂದ ಮೇಲೆ ಗಾಜು ಮೂಲೆ ಸೇರಿತು.

ಬಂಕ್ ಮನೆಯ ವೇಷ ಹಾಕಿದ್ದು

ಕಟ್ಟಡ ಸಂರಕ್ಷಣೆಯ ಪರೀಕ್ಷೆಯಲ್ಲಿ ಹೆಚ್ಚು ಕೇಳುವುದೂ, ಓದಲು ಹೆಚ್ಚು ರುಚಿಯಾದದ್ದೂ ಈ ಭಾಗ. 1910ರ ದಶಕದ ಬಹಳಷ್ಟು ಬಂಕ್‌ಗಳು ತಗಡಿನ ಶೆಡ್ಡುಗಳು. ಜಿಡ್ಡು, ವಾಸನೆ, ಬೆಂಕಿಯ ಭಯ. ವಾಸದ ಬಡಾವಣೆಗಳಿಗೆ ಇವು ಕಾಲಿಡುತ್ತಿದ್ದಂತೆ ನಿವಾಸಿಗಳು ವಿರೋಧಿಸಿದರು. ಕಂಪನಿಗಳು ಇದಕ್ಕೆ ಕಂಡುಕೊಂಡ ಉಪಾಯ ಜಾಣತನದ್ದು: ಬಂಕನ್ನು ಪಕ್ಕದ ಮನೆಯಂತೆಯೇ ಕಟ್ಟಿಬಿಡುವುದು. ಪ್ಯೂರ್ ಆಯಿಲ್ ಕಂಪನಿ 1920ರ ದಶಕದ ಕೊನೆಯಲ್ಲಿ ಇಂಗ್ಲಿಷ್ ಹಳ್ಳಿಮನೆಯ ಮಾದರಿ ತಂದಿತು. ಕಡಿದಾದ ಇಳಿಜಾರಿನ ನೀಲಿ ಹೆಂಚಿನ ಚಾವಣಿ, ಚಿಮಣಿ, ಕಿಟಕಿಯ ಕೆಳಗೆ ಹೂಕುಂಡದ ಪೆಟ್ಟಿಗೆ. ಫಿಲಿಪ್ಸ್ 66 ಕಂಪನಿಯದೂ ಇಂಥದ್ದೇ ಪುಟ್ಟ ಇಟ್ಟಿಗೆಮನೆ. ವೇಗವಾಗಿ ಹೋಗುತ್ತಿದ್ದ ಚಾಲಕನಿಗೆ ಚಾವಣಿಯ ಆಕಾರ ಕಂಡರೆ ಸಾಕು, ಫಲಕ ಓದುವ ಮೊದಲೇ ಯಾವ ಕಂಪನಿಯೆಂದು ತಿಳಿಯುತ್ತಿತ್ತು. ಪಕ್ಕದ ಮನೆಯವರ ಬಾಯಿಯೂ ಮುಚ್ಚಿತು, ಜಾಹೀರಾತೂ ಆಯಿತು.

ಗಮನ ಸೆಳೆಯಲೆಂದೇ ಕಟ್ಟಿದ ವಿಚಿತ್ರಗಳೂ ಇವೆ. ವಾಷಿಂಗ್ಟನ್ ರಾಜ್ಯದ ಜಿಲ್ಲಾ ಎಂಬ ಊರಿನಲ್ಲಿ 1922ರಲ್ಲಿ ಟೀಪಾಟ್ ಆಕಾರದ ಬಂಕ್ ಎದ್ದಿತು. ಆಗ ಅಮೆರಿಕವನ್ನು ಅಲ್ಲಾಡಿಸುತ್ತಿದ್ದ ‘ಟೀಪಾಟ್ ಡೋಮ್’ ತೈಲ ಹಗರಣಕ್ಕೆ ಕಟ್ಟಡದ ರೂಪದಲ್ಲೇ ಹೊಡೆದ ಗೇಲಿ ಅದು. ಉತ್ತರ ಕ್ಯಾರೊಲಿನಾದ ವಿನ್‌ಸ್ಟನ್-ಸೇಲಂನಲ್ಲಿ ಶೆಲ್ ಬ್ರ್ಯಾಂಡಿನ ಸ್ಥಳೀಯ ವಿತರಕರು 1930ರ ಸುಮಾರಿಗೆ ಚಿಪ್ಪಿನ ಆಕಾರದ ಬಂಕ್‌ಗಳನ್ನು ಕಟ್ಟಿಸಿದರು. ಎಂಟರಲ್ಲಿ ಉಳಿದದ್ದು ಒಂದೇ.

ಆರ್ಥಿಕ ಮಹಾಕುಸಿತದ ನಂತರ ವೇಷ ಪೂರ್ತಿ ಬದಲಾಯಿತು. ವಾಲ್ಟರ್ ಡೋರ್ವಿನ್ ಟೀಗ್ 1937ರ ಹೊತ್ತಿಗೆ ಟೆಕ್ಸಾಕೊಗೆ ಮಾಡಿಕೊಟ್ಟ ವಿನ್ಯಾಸದಲ್ಲಿ ಹೆಂಚಿಲ್ಲ, ಚಿಮಣಿಯಿಲ್ಲ. ಬಿಳಿ ಪೆಟ್ಟಿಗೆಯಂಥ ಕಟ್ಟಡ, ಮೂರು ಹಸಿರು ಪಟ್ಟೆ, ಎನಾಮೆಲ್ ಲೇಪಿಸಿದ ಉಕ್ಕಿನ ಹಲಗೆ. ನೀರು ಹಾಕಿ ತೊಳೆದರೆ ಹೊಳೆಯುತ್ತಿತ್ತು. ಶುಚಿ, ವೇಗ, ಯಂತ್ರ ಎಂಬುದು ಹೊಸ ಮಂತ್ರ. ಬಂಕ್ ಈಗ ಪೆಟ್ರೋಲಿಗಿಂತ ಟೈರು, ಬ್ಯಾಟರಿ, ರಿಪೇರಿಗಳಿಂದ ಹೆಚ್ಚು ದುಡಿಯಬೇಕಿತ್ತು, ಆದ್ದರಿಂದ ಪಕ್ಕದಲ್ಲಿ ರಿಪೇರಿಯ ಕೊಠಡಿಗಳು ಸೇರಿದವು.

ಒಡೆಲ್ ಬಂಕ್: ಮುಖ್ಯ ಉದಾಹರಣೆ

ರೂಟ್ 66 ಶಿಕಾಗೊದಿಂದ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾವರೆಗೆ ಸುಮಾರು 3,900 ಕಿಲೋಮೀಟರ್ ಉದ್ದದ ಹೆದ್ದಾರಿ. 1926ರಲ್ಲಿ ಗುರುತಾಯಿತು, 1985ರಲ್ಲಿ ಅಧಿಕೃತ ಹೆದ್ದಾರಿಗಳ ಪಟ್ಟಿಯಿಂದ ಹೊರಬಿತ್ತು. ಇಲಿನಾಯ್‌ನ ಪುಟ್ಟ ಊರು ಒಡೆಲ್ ಈ ರಸ್ತೆಯ ಮೇಲಿದೆ. ಇಲ್ಲಿ ವಾಹನಗಳ ದಟ್ಟಣೆ ಎಷ್ಟಿತ್ತೆಂದರೆ, ಮಕ್ಕಳು ರಸ್ತೆ ದಾಟಿ ಶಾಲೆಗೆ, ಚರ್ಚಿಗೆ ಹೋಗಲೆಂದು 1937ರಲ್ಲಿ ನೆಲದಡಿ ಸುರಂಗದಾರಿ ತೋಡಬೇಕಾಯಿತು.

1932ರಲ್ಲಿ ಪ್ಯಾಟ್ರಿಕ್ ಓಡಾನೆಲ್ ಎಂಬವರು ಇಲ್ಲಿ ಬಂಕ್ ಕಟ್ಟಿದರು. ಸ್ಟ್ಯಾಂಡರ್ಡ್ ಆಯಿಲ್ ಆಫ್ ಓಹಾಯೊ ಕಂಪನಿಯ 1916ರ ನಕ್ಷೆ, ‘ಮುಂಚಾವಣಿಯ ಮನೆ’ ಎಂದು ಕರೆಯುವ ಮಾದರಿ. ಊರೊಳಗಿನ ಆ ಚಿಕ್ಕ ಅಂತರದಲ್ಲಿ ಇನ್ನೂ ಒಂಬತ್ತು ಬಂಕ್‌ಗಳ ಪೈಪೋಟಿ ಇದ್ದುದರಿಂದ 1940ರ ದಶಕದಲ್ಲಿ ಎರಡು ರಿಪೇರಿ ಕೊಠಡಿಗಳನ್ನು ಸೇರಿಸಿದರು. ಸ್ಟ್ಯಾಂಡರ್ಡ್ ಆಯಿಲ್ ಹೆಸರಿನಿಂದಲೇ ಪ್ರಸಿದ್ಧವಾದರೂ ಸಿಂಕ್ಲೇರ್, ಫಿಲಿಪ್ಸ್ 66 ಪೆಟ್ರೋಲನ್ನೂ ಇದು ಮಾರಿದೆ. 1960ರ ದಶಕದಲ್ಲಿ ಪೆಟ್ರೋಲ್ ಮಾರಾಟ ನಿಂತು, ಮುಂದೆ ವಾಹನಗಳ ಬಾಡಿ ರಿಪೇರಿ ಅಂಗಡಿಯಾಗಿ, ಕೊನೆಗೆ ಅದೂ ಮುಚ್ಚಿತು. 1997ರಲ್ಲಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು, 1999ರಲ್ಲಿ ಗ್ರಾಮಾಡಳಿತ ಕೊಂಡುಕೊಂಡಿತು. ಅನುದಾನ, ಸ್ವಯಂಸೇವಕರ ದುಡಿಮೆ ಎರಡೂ ಕೂಡಿ ದುರಸ್ತಿಯಾಯಿತು. ಇಂದು ಅದು ಪ್ರವಾಸಿಗರ ತಾಣ.

ಈಗ ನಮ್ಮ ಪ್ರಶ್ನೆ ಕೇಳಿ. 1932ರ ಬಂಕ್ ಬೇಕೆಂದರೆ ರಿಪೇರಿ ಕೊಠಡಿಗಳನ್ನು ಕೆಡವಬೇಕು. ಆದರೆ ಒಂಬತ್ತು ಎದುರಾಳಿಗಳ ನಡುವೆ ಬದುಕಲು ಪಟ್ಟ ಪಾಡಿನ ಸಾಕ್ಷಿಯೇ ಆ ಕೊಠಡಿಗಳು. ಒಡೆಲ್‌ನವರು ಅವನ್ನು ಉಳಿಸಿಕೊಂಡರು, ಸರಿಯಾಗಿಯೇ ಮಾಡಿದರು. ಬಾಡಿ ರಿಪೇರಿಯ ವರ್ಷಗಳು ಮಾತ್ರ ಫೋಟೊ ತೆಗೆಯಲು ಬಂದವರ ಕಣ್ಣಿಗೆ ಬೀಳುವುದಿಲ್ಲ. ಹಂಬಲಕ್ಕೆ ಬೇಕಾದದ್ದು ಹೊಳೆಯುವ ಪಂಪು, ತಗಡು ತಟ್ಟುವವನ ಮಸಿ ಹಿಡಿದ ಗೋಡೆಯಲ್ಲ.

ಒಡೆಲ್‌ಗೆ ಹತ್ತಿರದ ಡ್ವೈಟ್ ಊರಿನ ಆಂಬ್ಲರ್ ಟೆಕ್ಸಾಕೊ ಬಂಕ್ ಹೋಲಿಕೆಗೆ ಒಳ್ಳೆಯದು. 1933ರಿಂದ 1999ರವರೆಗೆ ಅದು ಪೆಟ್ರೋಲ್ ಮಾರಿತು, 66 ವರ್ಷ; ಸಂಖ್ಯೆ ತಾನಾಗಿಯೇ ಹಾಗೆ ಕೂಡಿಬಂದಿದೆ. ಇಂದು ಪ್ರವಾಸಿ ಮಾಹಿತಿ ಕೇಂದ್ರ. ಮೌಂಟ್ ಆಲಿವ್‌ನಲ್ಲಿ ಸೋಲ್ಸ್‌ಬಿ ಕುಟುಂಬ 1926ರಲ್ಲಿ ಕಟ್ಟಿದ ಶೆಲ್ ಬಂಕ್ ನನಗೆ ಇವೆರಡಕ್ಕಿಂತ ಇಷ್ಟ. ಎರಡನೇ ಮಹಾಯುದ್ಧದಲ್ಲಿ ಸಂಪರ್ಕ ತಂತ್ರಜ್ಞನಾಗಿದ್ದ ಮಗ ಊರಿಗೆ ಮರಳಿ ಬಂಕಿನಲ್ಲೇ ರೇಡಿಯೊ, ಟಿವಿ ರಿಪೇರಿ ಶುರು ಮಾಡಿದ. ಬಂಕಿನ ಇತಿಹಾಸ ಎಂದರೆ ಹೀಗೆ ಹೊಟ್ಟೆಪಾಡಿನ ಇತಿಹಾಸವೂ ಹೌದು.

ನೆಲದ ಕೆಳಗೆ

ಪಠ್ಯಗಳಲ್ಲಿ ಒಂದೆರಡು ಸಾಲಿಗೆ ಮುಗಿದುಹೋಗುವ ಈ ವಿಷಯವೇ ಬಹಳಷ್ಟು ಬಂಕ್‌ಗಳ ಹಣೆಬರಹ ನಿರ್ಧರಿಸಿದ್ದು. ಹಳೆಯ ಟ್ಯಾಂಕ್‌ಗಳು ತುಕ್ಕಿಗೆ ರಕ್ಷಣೆಯಿಲ್ಲದ ಬರಿಯ ಉಕ್ಕಿನವು. ದಶಕಗಳ ಕಾಲ ಮಣ್ಣಿನಲ್ಲಿದ್ದು ತೂತುಬಿದ್ದು, ಪೆಟ್ರೋಲ್ ಸೋರಿ ಅಂತರ್ಜಲ ಸೇರುತ್ತಿತ್ತು. ಪೆಟ್ರೋಲಿನಲ್ಲಿ ಬೆಂಜೀನ್ ಇದೆ. 1920ರ ದಶಕದಿಂದ ಮುಂದೆ ಸೀಸವನ್ನೂ ಬೆರೆಸುತ್ತಿದ್ದರು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1988ರಲ್ಲಿ ನಿಯಮ ತಂದು, ಹಳೆಯ ಟ್ಯಾಂಕ್‌ಗಳನ್ನು ಸುಧಾರಿಸಬೇಕು, ಬದಲಿಸಬೇಕು ಇಲ್ಲವೇ ಮುಚ್ಚಬೇಕು ಎಂದಿತು. ಗಡುವು 1998ರ ಡಿಸೆಂಬರ್ 22. ದಿನಕ್ಕೆ ಕೆಲವೇ ಕಾರುಗಳು ಬರುವ ಹಳ್ಳಿಬಂಕಿನ ಯಜಮಾನನಿಗೆ ಆ ಖರ್ಚು ಎಲ್ಲಿಂದ ಬರಬೇಕು? ಅನೇಕರು ಪಂಪು ಕಿತ್ತು ಬಾಗಿಲು ಹಾಕಿದರು.

ಸಂರಕ್ಷಕನಿಗೆ ಇದು ಇಕ್ಕಟ್ಟು. ಟ್ಯಾಂಕ್ ತೆಗೆಯಲು ಅಂಗಳ ಅಗೆಯಬೇಕು. ಅಗೆದರೆ ಮೂಲ ಕಾಂಕ್ರೀಟ್ ನೆಲ, ಪಂಪಿನ ಕಟ್ಟೆ ಹೋಗುತ್ತವೆ, ಕೆಲವೊಮ್ಮೆ ಮುಂಚಾವಣಿಯ ಕಂಬಗಳ ಬುಡವೂ ಸಡಿಲವಾಗುತ್ತದೆ. ಅಗೆಯದಿದ್ದರೆ ವಿಷ ಮಣ್ಣಿನಲ್ಲೇ ಉಳಿಯುತ್ತದೆ. ಕಟ್ಟಡದ ಬೆಲೆಗಿಂತ ಮಣ್ಣು ಶುಚಿ ಮಾಡುವ ಖರ್ಚೇ ಹೆಚ್ಚಾದಾಗ ಕೊಳ್ಳುವವರೂ ಹಿಂದೆ ಸರಿಯುತ್ತಾರೆ. ಆದ್ದರಿಂದ ಬಂಕಿನ ಸಂರಕ್ಷಣೆಯ ಯೋಜನೆ ಬರೆಯುವಾಗ ಚಾವಣಿಯ ಬಣ್ಣಕ್ಕಿಂತ ಮೊದಲು ಮಣ್ಣಿನ ಪರೀಕ್ಷೆ ಬರಬೇಕು. ಇದನ್ನು ಅಡಿಗೆರೆ ಹಾಕಿ ಬರೆದುಕೊಳ್ಳಿ.

ಪಟ್ಟಿಗೆ ಸೇರಿದರೆ ಸಾಕೆ?

ಸಾಲದು. 1966ರ ಕಾಯಿದೆಯಿಂದ ಬಂದ ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಖಾಸಗಿ ಮಾಲೀಕ ತನ್ನ ಸ್ವಂತ ಹಣದಿಂದ ಕಟ್ಟಡ ಕೆಡವುವುದನ್ನು ಯಾರೂ ತಡೆಯಲಾಗದು. ತಡೆಯುವ ಶಕ್ತಿ ಇರುವುದು ಸ್ಥಳೀಯ ಆಡಳಿತದ ಕಟ್ಟಳೆಗೆ. ಪಟ್ಟಿಗೆ ಸೇರಲು ಸಾಮಾನ್ಯವಾಗಿ 50 ವರ್ಷ ತುಂಬಿರಬೇಕು. ಜೊತೆಗೆ ಏಳು ಅಂಶಗಳಲ್ಲಿ ಮೂಲ ಎಷ್ಟು ಉಳಿದಿದೆ ಎಂದು ನೋಡುತ್ತಾರೆ: ಸ್ಥಳ, ವಿನ್ಯಾಸ, ಸುತ್ತಲಿನ ಪರಿಸರ, ಸಾಮಗ್ರಿ, ಕುಶಲಕೆಲಸ, ಭಾವ (ಆ ಕಾಲದ ಅನುಭವ ಕೊಡುವ ಗುಣ), ಸಂಬಂಧ (ಅಲ್ಲಿನ ಘಟನೆ, ವ್ಯಕ್ತಿಗಳೊಂದಿಗಿನ ನಂಟು). ಜಿಲ್ಲಾದ ಟೀಪಾಟ್ ಹೊಸ ಹೆದ್ದಾರಿಗಾಗಿ ಒಮ್ಮೆ, 2012ರಲ್ಲಿ ಮತ್ತೊಮ್ಮೆ ಜಾಗ ಬದಲಿಸಿತು. ಸ್ಥಳ ಹೋಯಿತು, ಉಳಿದದ್ದು ಉಳಿಯಿತು. ಇಂಥಲ್ಲಿ ತೂಗಿ ನೋಡಬೇಕು, ಒಂದೇ ಅಂಶ ಹಿಡಿದು ತೀರ್ಪು ಕೊಡಬಾರದು.

ಆದಾಯ ತರುವ ಐತಿಹಾಸಿಕ ಕಟ್ಟಡವನ್ನು ಮಾನದಂಡಕ್ಕೆ ಅನುಗುಣವಾಗಿ ದುರಸ್ತಿ ಮಾಡಿದರೆ ಅರ್ಹ ವೆಚ್ಚದ ಶೇ 20ರಷ್ಟು ತೆರಿಗೆ ರಿಯಾಯಿತಿ ಇದೆ. ಬಂಕ್ ಕಾಫಿ ಅಂಗಡಿಯಾಗಿ, ಕಚೇರಿಯಾಗಿ ಮರುಬಳಕೆಯಾಗುವುದರ ಹಿಂದಿನ ಬಲ ಬಹುಮಟ್ಟಿಗೆ ಇದು. ಕೆನಡಾದ ಮಾಂಟ್ರಿಯಲ್ ಬಳಿ ಮೀಸ್ ವಾನ್ ಡೆರ್ ರೋ ವಿನ್ಯಾಸ ಮಾಡಿದ್ದ 1960ರ ದಶಕದ ಕೊನೆಯ ಎಸ್ಸೊ ಬಂಕ್ ಮುಚ್ಚಿದ ಮೇಲೆ ಸಮುದಾಯ ಕೇಂದ್ರವಾಯಿತು. ಮಿನೆಸೋಟದ ಕ್ಲೋಕೆಯಲ್ಲಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸದ 1958ರ ಬಂಕ್ ಮಾತ್ರ ದಶಕಗಳ ಕಾಲ ಬಂಕ್ ಆಗಿಯೇ ದುಡಿಯಿತು. ಅದರ ತಾಮ್ರದ ಮುಂಚಾವಣಿಗೆ ಅಂಚಿನಲ್ಲಿ ಕಂಬಗಳ ಆಸರೆಯಿಲ್ಲ.

ಯಾರ ನೆನಪು?

ಹಳೆಯ ಬಂಕ್‌ಗಳ ಬಗೆಗಿನ ಹಂಬಲದಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಬರುತ್ತದೆ. ಸಮವಸ್ತ್ರ ತೊಟ್ಟ ಹುಡುಗ ಓಡಿ ಬಂದು ಗಾಜು ಒರೆಸುತ್ತಾನೆ, ಎಂಜಿನ್ ಆಯಿಲ್ ನೋಡುತ್ತಾನೆ, ನಕ್ಷೆ ಕೊಡುತ್ತಾನೆ. ಬಂಕಿನ ಕೆಲಸಗಾರನೇ ಇಂದಿಗೂ ಪೆಟ್ರೋಲ್ ಹಾಕುವ ಕರ್ನಾಟಕದಿಂದ ನೋಡುವವರಿಗೆ ಇದರಲ್ಲಿ ಕಳೆದುಹೋದದ್ದೇನು ಎಂದು ತಟ್ಟನೆ ಹೊಳೆಯುವುದಿಲ್ಲ. ಅಲ್ಲಿ 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಗಿರಾಕಿಯೇ ತುಂಬಿಸಿಕೊಳ್ಳುವ ಪದ್ಧತಿ ಹಬ್ಬಿ ಆ ಹುಡುಗ ಮರೆಯಾದ.

ಆದರೆ ಆ ನಗುಮುಖ ಎಲ್ಲರಿಗೂ ಸಿಗುತ್ತಿರಲಿಲ್ಲ. 1938ರಲ್ಲಿ ಟೆಕ್ಸಾಕೊ ತನ್ನ ಶೌಚಾಲಯಗಳು ಶುಚಿಯಾಗಿವೆಯೇ ಎಂದು ನೋಡಲು ತಪಾಸಕರನ್ನು ಊರೂರಿಗೆ ಕಳಿಸಿ ಅದನ್ನೇ ಜಾಹೀರಾತು ಮಾಡಿತು. ಅದೇ ಕಾಲದಲ್ಲಿ ಕಪ್ಪು ಜನರಿಗೆ ಎಷ್ಟೋ ಬಂಕ್‌ಗಳಲ್ಲಿ ಶೌಚಾಲಯದ ಬಾಗಿಲೇ ತೆರೆಯುತ್ತಿರಲಿಲ್ಲ. ನ್ಯೂಯಾರ್ಕ್‌ನ ಅಂಚೆ ನೌಕರ ವಿಕ್ಟರ್ ಗ್ರೀನ್ 1936ರಿಂದ ಕಪ್ಪು ಪ್ರಯಾಣಿಕರಿಗೆ ಎಲ್ಲಿ ಸೇವೆ ಸಿಗುತ್ತದೆ ಎಂದು ತಿಳಿಸುವ ‘ಗ್ರೀನ್ ಬುಕ್’ ಎಂಬ ಮಾರ್ಗದರ್ಶಿಯನ್ನು ಹೊರತರಬೇಕಾಗಿ ಬಂದದ್ದು ಅದಕ್ಕೇ. ಅದನ್ನು ಹಂಚಿದವರಲ್ಲಿ ಎಸ್ಸೊ ಬಂಕ್‌ಗಳೂ ಇದ್ದವು.

ಒಕ್ಲಹೋಮಾದ ಲೂಥರ್ ಊರಿನ ಬಳಿ ರೂಟ್ 66ರಲ್ಲೇ ಥ್ರೆಟ್ ಕುಟುಂಬದ ಬಂಕ್ ಇದೆ. ಕಪ್ಪು ಜನರ ಒಡೆತನದ್ದು, ಸುಮಾರು 1915ರದ್ದು, ಕುಟುಂಬದ ಸ್ವಂತ ಕಲ್ಲುಗಣಿಯ ಮರಳುಗಲ್ಲಿನಿಂದ ಕಟ್ಟಿದ್ದು. 1995ರಲ್ಲಿ ರಾಷ್ಟ್ರೀಯ ಪಟ್ಟಿಗೆ ಸೇರಿತು. ಹಾಗಿದ್ದರೂ 2021ರಲ್ಲಿ ದೇಶದ ಅತ್ಯಂತ ಅಪಾಯದಲ್ಲಿರುವ 11 ಐತಿಹಾಸಿಕ ತಾಣಗಳಲ್ಲಿ ಒಂದೆಂದು ಹೆಸರಿಸಬೇಕಾಯಿತು. ಇದಕ್ಕೆ ಎದುರಾಗಿ ಮಿಸೌರಿಯ ಗೇ ಪರೀಟಾ ಬಂಕನ್ನು ಇಡಿ. 1930ರ ಮೂಲ ಬಂಕ್ 1955ರಲ್ಲಿ ಬೆಂಕಿಗೆ ಹೋಯಿತು. ಈಗ ಅಲ್ಲಿರುವುದು ಹೊಸದಾಗಿ ಕಟ್ಟಿದ ಸಿಂಕ್ಲೇರ್ ಪ್ರತಿರೂಪ. ಹಳೆಯ ಪಂಪುಗಳು, ಫಲಕಗಳು, ಹಳೆಯ ವಾಹನಗಳು ಎಲ್ಲವೂ ಇವೆ, ಪ್ರವಾಸಿಗರಿಗೆ ಅದು ಅಚ್ಚುಮೆಚ್ಚು. ಏಳು ಅಂಶಗಳಲ್ಲಿ ಅದಕ್ಕೆ ನಿಜವಾಗಿ ಸಲ್ಲುವುದು ಸ್ಥಳ. ಭಾವವನ್ನೂ ಕೊಡಬಹುದು, ನಾನು ಕೊಡುತ್ತೇನೆ. ಸಾಮಗ್ರಿ, ಕುಶಲಕೆಲಸದ ಅಂಕಗಳು ಮರಳುಗಲ್ಲಿನ ಕಡೆಗೆ ಹೋಗಬೇಕು. ಅನುದಾನ ಒಂದಕ್ಕೆ ಮಾತ್ರ ಸಾಲುವಷ್ಟಿದ್ದರೆ ಯಾವುದಕ್ಕೆ ಕೊಡುತ್ತೀರಿ ಎಂಬ ಪ್ರಶ್ನೆ ಬಂದಾಗ, ಎಷ್ಟು ಜನ ಫೋಟೊ ತೆಗೆದರು ಎಂಬುದನ್ನು ಉತ್ತರದೊಳಗೆ ತರಬೇಡಿ.