ಗೋಡೆಗೂ ಕಡಲಿಗೂ ನಡುವೆ: ಎಸೆಕ್ಸ್‌ನ ಉಪ್ಪು ಜೌಗು

ಉಬ್ಬರದ ಉಪ್ಪುನೀರು ಬಂದು ಹೋಗುವ, ಗಿಡ ಬೆಳೆದ ಕರಾವಳಿಯ ಕೆಸರು ನೆಲವೇ ಉಪ್ಪು ಜೌಗು. ಅದಕ್ಕೆ ಒದಗುವ ಅಪಾಯಗಳೆಂದರೆ ಮಾಲಿನ್ಯ, ಭೂಭರ್ತಿ, ಸಮುದ್ರಮಟ್ಟದ ಏರಿಕೆ. ಪರೀಕ್ಷೆಗೆ ಓದುವವರಿಗೆ ಈ ಪಟ್ಟಿಯನ್ನು ಬಾಯಿಪಾಠ ಮಾಡುವುದು ಸುಲಭ. ಒಂದು ಅಪಾಯ ಇನ್ನೊಂದನ್ನು ಹೇಗೆ ಬಲಪಡಿಸುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಅದಕ್ಕೆ ಇಂಗ್ಲೆಂಡಿನ ಪೂರ್ವ ಕರಾವಳಿಯ ಎಸೆಕ್ಸ್ ಒಳ್ಳೆಯ ಉದಾಹರಣೆ.

ಉಬ್ಬರದ ನೀರು ತರುವ ಹೂಳನ್ನು ಜೌಗಿನ ಗಿಡಗಳು ತಡೆದು ನಿಲ್ಲಿಸುತ್ತವೆ, ಬೇರುಗಳು ಅದನ್ನು ಕಟ್ಟಿ ಹಿಡಿಯುತ್ತವೆ. ಹೂಳು ಸಾಕಷ್ಟಿದ್ದರೆ ಕಡಲು ಏರಿದಂತೆ ಜೌಗೂ ಏರುತ್ತದೆ, ನಿಧಾನವಾಗಿ ಒಳನಾಡಿನತ್ತ ಸರಿಯುತ್ತದೆ. ಆದರೆ ಸರಿಯಲು ಜಾಗ ಬೇಕು.

ಎಸೆಕ್ಸ್‌ನಲ್ಲಿ ಆ ಜಾಗವಿಲ್ಲ. ಅಲ್ಲಿಯ ಜನ ಶತಮಾನಗಳ ಕಾಲ ಜೌಗಿಗೆ ಒಡ್ಡು ಕಟ್ಟಿ ಹೊಲ ಮಾಡಿಕೊಂಡರು. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಇಂಗ್ಲೆಂಡಿನಲ್ಲಿ 307 ಜನ ಸತ್ತ ಮೇಲೆ ಒಡ್ಡುಗಳನ್ನು ಬಲಪಡಿಸಿದರು. ಅದನ್ನು ತಪ್ಪೆನ್ನಲಾಗದು. ಆದರೆ ಒಡ್ಡಿನ ಹೊರಗುಳಿದ ಜೌಗು, ಏರುವ ಕಡಲಿಗೂ ಕದಲದ ಗೋಡೆಗೂ ನಡುವೆ ಸಿಕ್ಕಿ ಸವೆಯತೊಡಗಿತು. ಇದೇ ‘ಕರಾವಳಿ ಹಿಂಡಿಕೆ’. ಜೌಗು ಸವೆದರೆ ಅಲೆಯನ್ನು ತಗ್ಗಿಸುವವರು ಯಾರೂ ಇಲ್ಲ. ಏಟು ನೇರವಾಗಿ ಒಡ್ಡಿಗೇ ಬೀಳುತ್ತದೆ, ದುರಸ್ತಿಯ ಖರ್ಚು ಏರುತ್ತದೆ.

ಪರಿಹಾರ ವಿಚಿತ್ರವೆನಿಸಬಹುದು: ಒಡ್ಡನ್ನು ಬೇಕೆಂದೇ ಒಡೆಯುವುದು. 1995ರಲ್ಲಿ ಟೋಲ್ಸ್‌ಬರಿಯಲ್ಲಿ ಹಾಗೆ ಮಾಡಿ ಹೊಲಕ್ಕೆ ಉಬ್ಬರವನ್ನು ಬಿಟ್ಟುಕೊಂಡರು. ವಾಲಸೀ ದ್ವೀಪದಲ್ಲಿ ಮಾತ್ರ ಒಡೆದರಷ್ಟೇ ಸಾಲುತ್ತಿರಲಿಲ್ಲ. ಹೂಳು ಕಾಣದ, ನೀರು ಬಸಿದುಹೋದ ಹೊಲ ಎಷ್ಟು ಕುಸಿದಿತ್ತೆಂದರೆ, ಕಡಲು ಬಿಟ್ಟಿದ್ದರೆ ಜೌಗಿನ ಬದಲು ಬರೀ ನೀರು ನಿಲ್ಲುತ್ತಿತ್ತು. ಹಾಗಾಗಿ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ, ಲಂಡನ್ನಿನ ಕ್ರಾಸ್‌ರೈಲ್ ರೈಲುಮಾರ್ಗದ ಸುರಂಗಗಳ ಸುಮಾರು 30 ಲಕ್ಷ ಟನ್ ಮಣ್ಣನ್ನು ಹಡಗಿನಲ್ಲಿ ತರಿಸಿ ನೆಲ ಎತ್ತರಿಸಿತು. 2015ರಲ್ಲಿ ಒಡ್ಡು ತೆರೆಯಿತು. ಆದರೂ ಹೀಗೆ ಮರಳಿ ಬಂದ ಜೌಗಿನಲ್ಲಿ ಹಳೆಯದರಷ್ಟು ಸಸ್ಯವೈವಿಧ್ಯ ಬೇಗ ಕೂಡುವುದಿಲ್ಲ. ಇರುವುದನ್ನು ಕಾಯುವುದೇ ಅಗ್ಗ.

ರಸಗೊಬ್ಬರದ ಸಾರಜನಕವೂ ಪರೀಕ್ಷೆಗೆ ಬರಬಹುದು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಪ್ಲಮ್ ಐಲೆಂಡ್ ಅಳಿವೆಯಲ್ಲಿ ನೀರಿಗೆ ಸಾರಜನಕ ಬೆರೆಸಿ 9 ವರ್ಷ ನಡೆಸಿದ ಪ್ರಯೋಗದಲ್ಲಿ ಹುಲ್ಲು ಮೇಲೆ ಸೊಕ್ಕಿ ಬೆಳೆದರೂ ಮಣ್ಣು ಹಿಡಿಯುವ ಬೇರು ಕಡಿಮೆಯಾಗಿ, ಕಾಲುವೆಗಳ ದಡ ಬಿರಿದು ಕುಸಿಯಿತು. ನೋಟಕ್ಕೆ ಹಸಿರಾಗಿದ್ದರೆ ಆರೋಗ್ಯವೆಂದು ಬರೆಯಬೇಡಿ.

ನಮ್ಮಲ್ಲಿ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಉಪ್ಪು ಜೌಗನ್ನು ಅತಿ ಸೂಕ್ಷ್ಮವಾದ 1ಎ ವರ್ಗದಲ್ಲಿಟ್ಟಿದೆ. ಅದೇ ವರ್ಗದಲ್ಲಿ 1000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ (ಮ್ಯಾಂಗ್ರೋವ್) ವನದ ಸುತ್ತ 50 ಮೀಟರ್ ಕಾಪಿನ ಅಂಚನ್ನು ಗೊತ್ತುಮಾಡಿದೆ. ಜೌಗಿಗೆ ಅಂಥ ಅಂಚಿಲ್ಲ. ಎಸೆಕ್ಸ್‌ನಲ್ಲಿ ಕೊರತೆಯಾದದ್ದು ಜೌಗಿನ ಬೆನ್ನಿಗೆ, ಸರಿಯಲು ಬೇಕಾದ ಅಂಥ ಜಾಗವೇ.